ಸಿಕ್ಕಿಬಿದ್ದ ಜಾಬ್ ನಿಲ್ಲಿಸಲು ಸರ್ವರ್ ರೀಸ್ಟಾರ್ಟ್ ಮಾಡಬೇಡಿ

ಮಾನ್ಯರೇ,

ಗ್ಯಾಲಕ್ಸಿಯಂಥ ದತ್ತಾಂಶ ವಿಶ್ಲೇಷಣೆಯ ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲಿ ನಡೆಸುವ ಸಂಶೋಧಕರಿಗೆ ಈ ಮಾತು. ವಿಶ್ಲೇಷಣೆಗೆ ಕಳಿಸಿದ ಜಾಬ್ ಗಂಟೆಗಟ್ಟಲೆ ಹಳದಿ ಬಣ್ಣದಲ್ಲೇ (ಓಡುತ್ತಿದೆ ಎಂಬ ಗುರುತು) ಕೂತರೆ ಸರ್ವರನ್ನೇ ರೀಸ್ಟಾರ್ಟ್ ಮಾಡುವ ಅಭ್ಯಾಸ ದಯವಿಟ್ಟು ಬಿಡಿ. ಜಾಬ್‌ಗಳನ್ನು ಹಲವು ಯಂತ್ರಗಳಿಗೆ ಹಂಚುವ ಸ್ಲರ್ಮ್ ತಂತ್ರಾಂಶಕ್ಕೆ ಕಳಿಸಿದ ಜಾಬ್ ಅದರಿಂದ ನಿಲ್ಲುವುದೇ ಇಲ್ಲ. ಕಂಪ್ಯೂಟ್ ನೋಡ್‌ನಲ್ಲಿ, ಅಂದರೆ ಲೆಕ್ಕ ನಡೆಸುವ ಯಂತ್ರದಲ್ಲಿ, ಓಡುತ್ತಲೇ ಇರುತ್ತದೆ. ಗ್ಯಾಲಕ್ಸಿ ಇರುವ ಯಂತ್ರದಲ್ಲೇ ಓಡುತ್ತಿದ್ದ ಬೇರೆಯವರ ಜಾಬ್‌ಗಳು ಮಾತ್ರ ಹಾಳಾಗಬಹುದು.

ಅದು ನಿಜಕ್ಕೂ ಸಿಕ್ಕಿಕೊಂಡಿದೆಯೇ ಎಂದು ಮೊದಲು ನೋಡಿ. ಬೂದು ಬಣ್ಣವಿದ್ದರೆ ಅದಿನ್ನೂ ಸರದಿಯಲ್ಲಿದೆ. ಸ್ಲರ್ಮ್‌ನ ಎಸ್‌ಕ್ಯೂ (squeue) ಆಜ್ಞೆ ಕೊಟ್ಟರೆ ಕಾಯುವ ಕಾರಣ ಕೊನೆಯ ಕಾಲಂನಲ್ಲೇ ಇರುತ್ತದೆ. ಓಡುತ್ತಿರುವ ಜಾಬ್ ಆದರೆ ಆ ನೋಡ್‌ನಲ್ಲಿ ಯಾವ ಪ್ರೋಗ್ರಾಂ ಎಷ್ಟು ಸಿಪಿಯು ಬಳಸುತ್ತಿದೆ ಎಂದು ತೋರಿಸುವ ಟಾಪ್ (top) ತೆರೆಯಿರಿ. ಸಿಪಿಯು ಪೂರ್ತಿ ದುಡಿಯುತ್ತಿದ್ದರೆ, ಔಟ್‌ಪುಟ್ ಫೈಲ್ ಬೆಳೆಯದಿದ್ದರೂ ಕೈ ಹಾಕಲು ಅವಸರಪಡಬೇಡಿ. ಜೀನೋಮ್ ಜೋಡಣೆಯಂಥ ಕೆಲಸಗಳು ಬಹಳ ಹೊತ್ತು ಏನನ್ನೂ ಬರೆಯದೆ ಲೆಕ್ಕ ಹಾಕುತ್ತಿರುತ್ತವೆ.

ನಿಲ್ಲಿಸಲೇಬೇಕಾದರೆ ಅಡ್ಮಿನ್ ವಿಭಾಗದ ಜಾಬ್ಸ್ ಪುಟದಿಂದ ನಿಲ್ಲಿಸಿ. ಅಲ್ಲಿ ಬಳಕೆದಾರರಿಗೆ ಕಾರಣ ಬರೆಯಲು ಜಾಗವಿದೆ; ಖಾಲಿ ಬಿಡಬೇಡಿ, ಇಲ್ಲದಿದ್ದರೆ ಅವರು ಅದೇ ಜಾಬನ್ನು ಮತ್ತೆ ಕಳಿಸುತ್ತಾರೆ. ಆಮೇಲೂ ಸ್ಲರ್ಮ್ ಪಟ್ಟಿಯಲ್ಲಿ ಅದು ಉಳಿದಿದ್ದರೆ, ಸ್ಲರ್ಮ್‌ನ ಜಾಬ್ ಸಂಖ್ಯೆ ಹಾಕಿ ಎಸ್‌ಕ್ಯಾನ್ಸಲ್ (scancel) ಆಜ್ಞೆ ಕೊಡಿ. ಗ್ಯಾಲಕ್ಸಿಯ ಸಂಖ್ಯೆ ಬೇರೆ, ಸ್ಲರ್ಮ್‌ನ ಸಂಖ್ಯೆ ಬೇರೆ. ಇಲ್ಲಿ ಎಡವಿದರೆ ಇನ್ಯಾರದೋ ಜಾಬ್ ಸಾಯುತ್ತದೆ.

ಸ್ಲರ್ಮ್ ಮೊದಲು ಟರ್ಮ್ (ಮುಗಿಸು ಎಂಬ) ಸಂಕೇತ ಕಳಿಸುತ್ತದೆ. ಸೆಟ್ಟಿಂಗ್ ಬದಲಿಸಿಲ್ಲದಿದ್ದರೆ 30 ಸೆಕೆಂಡ್ ಕಾದು, ಬಲವಂತವಾಗಿ ನಿಲ್ಲಿಸುವ ಕಿಲ್ ಕಳಿಸುತ್ತದೆ. ಆ 30 ಸೆಕೆಂಡ್ ಕಾಯಿರಿ, ತಾತ್ಕಾಲಿಕ ಫೈಲ್‌ಗಳನ್ನು ಪ್ರೋಗ್ರಾಂ ತೆರವು ಮಾಡುವುದು ಆಗಲೇ. ಅಷ್ಟಾದರೂ ಜಾಬ್ 'ಸಿಜಿ' (ಮುಗಿಯುತ್ತಿದೆ) ಸ್ಥಿತಿಯಲ್ಲೇ ನಿಂತರೆ ಆ ನೋಡ್‌ನಲ್ಲಿ ಪಿಎಸ್ (ps) ಆಜ್ಞೆ ಕೊಟ್ಟು ಪ್ರೊಸೆಸ್‌ನ ಸ್ಥಿತಿ ನೋಡಿ. 'ಡಿ' ಎಂದಿದ್ದರೆ ಅದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೆ ಸಾಮಾನ್ಯವಾಗಿ ಡಿಸ್ಕ್‌ನ ಉತ್ತರಕ್ಕೆ ಕಾಯುತ್ತಿದೆ. ಕಿಲ್ 9 (kill -9) ಆಜ್ಞೆ ಎಷ್ಟು ಸಲ ಹೊಡೆದರೂ ಸಾಮಾನ್ಯವಾಗಿ ವ್ಯರ್ಥ. ಎನ್‌ಎಫ್‌ಎಸ್ ಮೌಂಟ್ (ಜಾಲದ ಮೂಲಕ ಜೋಡಿಸಿದ ಡಿಸ್ಕ್) ಕೈಕೊಟ್ಟಿದ್ದರೆ ಹೀಗಾಗುತ್ತದೆ. ಮೌಂಟ್ ಸರಿಪಡಿಸಿ, ಆಗದಿದ್ದರೆ ಆ ಒಂದು ನೋಡನ್ನು ಮಾತ್ರ ರೀಬೂಟ್ ಮಾಡಿ. ಡಾಕರ್‌ನಲ್ಲಿ (ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಓಡುವ ಟೂಲ್ ಆದರೆ ಹೊರಗಿನ ಸ್ಕ್ರಿಪ್ಟ್ ಸತ್ತರೂ ಕಂಟೇನರ್ ಉಳಿದಿರಬಹುದು. ಡಾಕರ್ ಪಿಎಸ್ ನೋಡಿ, ಡಾಕರ್ ಸ್ಟಾಪ್ ಕೊಡಿ.

ಗ್ಯಾಲಕ್ಸಿಯ ಡೇಟಾಬೇಸ್‌ಗೆ ಕೈ ಹಾಕುವುದು ಇದೆಲ್ಲ ಆದ ಮೇಲೆ, ಬ್ಯಾಕಪ್ ತೆಗೆದುಕೊಂಡು. ಜಾಬ್ ಟೇಬಲ್‌ನ ಸ್ಥಿತಿಯನ್ನಷ್ಟೇ ಬದಲಿಸಿದರೆ ಡೇಟಾಸೆಟ್ ಹಿಸ್ಟರಿಯಲ್ಲಿ ಹಳದಿಯಾಗಿಯೇ ಉಳಿಯುತ್ತದೆ, ಏಕೆಂದರೆ ಅದರ ಸ್ಥಿತಿ ಬೇರೆ ಟೇಬಲ್‌ನಲ್ಲಿದೆ. ಪ್ರೊಸೆಸ್ ಜೀವಂತವಿರುವಾಗ ದಾಖಲೆ ತಿದ್ದಿದರಂತೂ ಆ ಜಾಬ್ ಗ್ಯಾಲಕ್ಸಿಯ ಕಣ್ಣಿಗೆ ಬೀಳದೆ ಮೆಮೊರಿ ತಿನ್ನುತ್ತಿರುತ್ತದೆ.

ಸ್ಲರ್ಮ್‌ಗೆ ಹೋಗುವ ಪ್ರತಿ ಟೂಲ್‌ಗೂ ಜಾಬ್ ಸಂರಚನೆಯ ಫೈಲ್‌ನಲ್ಲಿ ಸಮಯ ಮತ್ತು ಮೆಮೊರಿಯ ಮಿತಿ ಬರೆದಿಡಿ. ಹಿಂದೆ ಅದೇ ಟೂಲ್ ತೆಗೆದುಕೊಂಡ ಅತಿ ಹೆಚ್ಚು ಸಮಯದ ಎರಡು ಪಟ್ಟು ಇಟ್ಟು ಆರಂಭಿಸಬಹುದು.

– ಸರ್ವರ್ ನಿರ್ವಾಹಕರು