ಪಹಣಿ ಓದುವ ಯಂತ್ರಕ್ಕೆ ಗುಂಟೆಯ ಲೆಕ್ಕ ಗೊತ್ತಿರಲಿ

ಮಾನ್ಯ ಸಂಪಾದಕರೇ,

ಕೃತಕ ಬುದ್ಧಿಮತ್ತೆಯಿಂದ ಯಾರ ಕೆಲಸ ಹೋಗುತ್ತದೆ ಎಂಬ ಮಾತು ಬೆಂಗಳೂರಿನಲ್ಲಿ ಬಹುತೇಕ ಸಾಫ್ಟ್‌ವೇರ್ ಕಂಪನಿಗಳ ಬಗ್ಗೆಯೇ ನಡೆಯುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿ ಪಕ್ಕದ ಟೈಪಿಂಗ್ ಅಂಗಡಿ, ಪತ್ರ ಬರಹಗಾರರ ಮೇಜು, ವಕೀಲರ ಕಚೇರಿ, ಗೃಹಸಾಲದ ದಾಖಲೆ ನೋಡುವ ಬ್ಯಾಂಕ್ ಸಿಬ್ಬಂದಿ, ಇವರ ಕೈಗೂ ಅದು ಬಂದಾಗಿದೆ. ಪಹಣಿಯ, ಅಂದರೆ ಜಮೀನಿನ ಒಡೆತನ, ಸಾಗುವಳಿ, ಋಣಗಳ ವಿವರವಿರುವ ಕಂದಾಯ ದಾಖಲೆಯ, ಫೋಟೊ ತೆಗೆದು ಚಾಟ್‌ಬಾಟ್‌ಗೆ ಹಾಕಿ ‘ಇದರಲ್ಲಿ ಏನಿದೆ, ಇಂಗ್ಲಿಷಿನಲ್ಲಿ ಹೇಳು’ ಎಂದರೆ ಕ್ಷಣದಲ್ಲಿ ಅಚ್ಚುಕಟ್ಟಾದ ಪುಟ ಸಿಗುತ್ತದೆ. ಕನ್ನಡ ಓದಲು ಬಾರದೆ ಜಮೀನು, ಸೈಟು ಕೊಳ್ಳುವವರು ಆ ಪುಟವನ್ನೇ ನಂಬುತ್ತಾರೆ. ಯಂತ್ರ ಬೇಡ ಎನ್ನಲು ನಾವು ಬರೆಯುತ್ತಿಲ್ಲ. ಅದು ನಮ್ಮ ಭೂದಾಖಲೆಗಳನ್ನು ಎಲ್ಲಿ, ಏಕೆ ತಪ್ಪು ಓದುತ್ತದೆ ಎಂಬುದು ಬಳಸುವವರಿಗೆ ತಿಳಿದಿರಬೇಕು.

ಎಲ್ಲಕ್ಕಿಂತ ದುಬಾರಿ ತಪ್ಪು ವಿಸ್ತೀರ್ಣದ್ದು. 2 ಎಕರೆ 15 ಗುಂಟೆಯನ್ನು ದಾಖಲೆಯಲ್ಲಿ 2-15 ಅಥವಾ 2.15 ಎಂದು ಬರೆಯುವುದು ರೂಢಿ. ಎಕರೆಗೆ 40 ಗುಂಟೆಯಾದ್ದರಿಂದ ದಶಮಾಂಶದಲ್ಲಿ ಇದು 2.375 ಎಕರೆ. ಯಂತ್ರ ಆ ಚುಕ್ಕೆಯನ್ನು ದಶಮಾಂಶ ಬಿಂದು ಎಂದುಕೊಂಡು 2.15 ಎಕರೆ ಎಂದುಬಿಡಬಹುದು. ವ್ಯತ್ಯಾಸ 9 ಗುಂಟೆ. ಗುಂಟೆಗೆ 1,089 ಚದರಡಿಯಂತೆ 9,801 ಚದರಡಿ. 30-40ರ ಎಂಟು ಸೈಟು ಹಿಡಿಸುವಷ್ಟು ಜಾಗ ಒಂದು ಚುಕ್ಕೆಯಲ್ಲಿ ಮಾಯವಾಗುತ್ತದೆ. ಕೂಡುವಾಗ ಇನ್ನೂ ಅನಾಹುತ. ಒಂದೇ ಸರ್ವೆ ನಂಬರಿನ ಮೂರು ಹಿಸ್ಸಾಗಳು (ಪಾಲುಗಳು) 1-20, 1-35, 0-25 ಎಂದಿದ್ದರೆ ಒಟ್ಟು 160 ಗುಂಟೆ, ಅಂದರೆ ಸರಿಯಾಗಿ 4 ಎಕರೆ. ದಶಮಾಂಶವಾಗಿ ಕೂಡಿದರೆ 2.80 ಬರುತ್ತದೆ. ಗುಂಟೆಯ ಜಾಗದಲ್ಲಿ 39ಕ್ಕಿಂತ ದೊಡ್ಡ ಅಂಕಿ ಕಂಡರೆ ಲೆಕ್ಕ ಕೆಟ್ಟಿದೆ ಎಂದೇ ತಿಳಿಯಿರಿ. ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಗುಂಟೆಯ ಕೆಳಗೆ ಆಣೆಯೂ ಇದೆ, 16 ಆಣೆಗೆ ಒಂದು ಗುಂಟೆ. ಅದನ್ನಂತೂ ಯಂತ್ರ ಹಲವು ಸಲ ಕೈಬಿಟ್ಟೇ ಬಿಡುತ್ತದೆ. ಕರಾವಳಿಯ ಸೆಂಟ್ಸ್ ಲೆಕ್ಕದಲ್ಲಿ ಎಕರೆಗೆ 100 ಸೆಂಟ್ಸ್, ಅಲ್ಲಿ 2.15 ಎಂದರೆ ನಿಜಕ್ಕೂ 2.15 ಎಕರೆ. ಎದುರಿಗಿರುವುದು ಯಾವ ಸೀಮೆಯ ದಾಖಲೆ ಎಂದು ಹೇಳದೆ ಯಂತ್ರದ ಮುಂದೆ ಅಂಕಿ ಇಡಬಾರದು.

ಎರಡನೆಯ ತೊಡಕು ಕಾಲಂಗಳದ್ದು. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ, ಅಂದರೆ ಒಡೆಯರ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿ ವಿವರ ಇರುತ್ತದೆ. ಫೋಟೊ ಓರೆಯಾಗಿದ್ದರೆ, ಇಲ್ಲವೇ ಪಿಡಿಎಫ್‌ನಿಂದ ಪಠ್ಯವನ್ನಷ್ಟೇ ನಕಲು ಮಾಡಿದರೆ ಕಾಲಂಗಳ ಗೆರೆ ಅಳಿಸಿ ಹೆಸರುಗಳು ಒಂದರ ಕೆಳಗೊಂದು ಬೀಳುತ್ತವೆ. ಉಳುವವನು ಒಡೆಯನಾಗುತ್ತಾನೆ, ಬ್ಯಾಂಕಿನ ಸಾಲ ಪಕ್ಕದ ಖಾತೆದಾರರ ತಲೆಗೆ ಹೋಗುತ್ತದೆ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ ಎಂಬುದು ಕಂದಾಯದವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಯಂತ್ರ ಇವನ್ನು ಹೆಸರಿನ ಭಾಗವೆಂದು ಸೇರಿಸಿದರೆ, ತೀರಿಹೋದ ಗಂಡನೂ ಬದುಕಿರುವ ಹೆಂಡತಿಯೂ ಜಂಟಿ ಮಾಲೀಕರಂತೆ ಕಾಣುತ್ತಾರೆ.

ಖರಾಬಿನ ವಿಷಯದಲ್ಲಿ ಎಚ್ಚರ ತಪ್ಪಿದರೆ ಕೊಂಡವರಿಗೆ ಉಳಿಗಾಲವಿಲ್ಲ. ‘ಅ’ ಖರಾಬು ಸಾಗುವಳಿಗೆ ಬಾರದ, ಆದರೆ ಹಿಡುವಳಿಗೆ ಸೇರಿದ ನೆಲ. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉದ್ದೇಶಕ್ಕೆ ಕಾದಿಟ್ಟದ್ದು, ಖಾಸಗಿಯವರು ಮಾರುವಂತಿಲ್ಲ. ಎರಡನ್ನೂ ‘ಹಾಳು ಭೂಮಿ’ ಎಂಬ ಒಂದೇ ಅರ್ಥಕ್ಕೆ ಇಳಿಸಿದ ಸಾರಾಂಶದಿಂದ ಏನು ಪ್ರಯೋಜನ? ಸಾಗುವಳಿ ಚೀಟಿಯೂ ಹಾಗೆಯೇ. ಅದು ಕಂಡಕೂಡಲೇ ತಿಳಿದವರು ‘ಇದು ಮಂಜೂರಾದ ಜಮೀನು, ಪರಭಾರೆಗೆ (ಬೇರೆಯವರಿಗೆ ಮಾರಲು, ಕೊಡಲು) ಷರತ್ತಿದೆ, ಪರಿಶಿಷ್ಟರಿಗೆ ಮಂಜೂರಾಗಿದ್ದರೆ 1978ರ ಪಿಟಿಸಿಎಲ್ (ಪರಿಶಿಷ್ಟರ ಮಂಜೂರು ಜಮೀನಿನ ಪರಭಾರೆ ತಡೆ) ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು’ ಎಂದು ನಿಲ್ಲುತ್ತಾರೆ. ಯಂತ್ರ ‘ಉಳುಮೆಯ ರಸೀದಿ’ ಎಂಬಂತೆ ಅನುವಾದಿಸಿ ಮುಂದಿನ ಸಾಲಿಗೆ ಹೋದರೆ ಆ ಎಚ್ಚರಿಕೆಯ ಗಂಟೆ ಬಾರಿಸುವವರು ಯಾರೂ ಇಲ್ಲ.

ಭೂದಾಖಲೆಗಳ ‘ಭೂಮಿ’ ತಂತ್ರಾಂಶ ಬಂದ ಮೇಲಿನ ಪಹಣಿ ಮುದ್ರಿತವಾದ್ದರಿಂದ ಅಕ್ಷರಗಳಾದರೂ ಸ್ಪಷ್ಟ. ಹಿಂದಿನ ಕೈಬರಹದ ಪಹಣಿ, ಹಕ್ಕು ಬದಲಾವಣೆಯ ಮ್ಯುಟೇಶನ್ ರಿಜಿಸ್ಟರ್, ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ) ಪುಟಗಳ ಕಥೆ ಬೇರೆ. ಕನ್ನಡ ಅಂಕಿ ೯ ಮತ್ತು ಅರ್ಕಾವತ್ತು ನೋಡಲು ಒಂದೇ ಥರ. ಸೊನ್ನೆಯ ಅಂಕಿ ೦ ಮತ್ತು ಅನುಸ್ವಾರ ಒಂದೇ ಥರ. ಘ-ಫ, ದ-ಧ, ವ-ಪ ಅದಲುಬದಲಾಗುತ್ತವೆ. ‘ಶೇ 98ರಷ್ಟು ನಿಖರ’ ಎಂಬ ಜಾಹೀರಾತಿಗೆ ಮರುಳಾಗಬೇಡಿ. 1,500 ಅಕ್ಷರಗಳ ಪುಟದಲ್ಲಿ ಅದರರ್ಥ 30 ತಪ್ಪು. ಆ ಮೂವತ್ತರಲ್ಲಿ ಒಂದು ಸರ್ವೆ ನಂಬರಿನಲ್ಲಿ ಬಿದ್ದರೆ ಬೇರೆಯವರ ಜಮೀನಿನ ದಾಖಲೆ ಓದಿದಂತಾಗುತ್ತದೆ. ಓದಲಾಗದ ಕಡೆ ಸುಮ್ಮನಿರದೆ, ಹೊಂದುವ ಪದವನ್ನು ಊಹಿಸಿ ತುಂಬುವುದು ಈ ಯಂತ್ರಗಳ ಸ್ವಭಾವ. ಶಾಯಿ ಹರಡಿದ ಜಾಗದಲ್ಲೂ ವಾಕ್ಯ ಮಾತ್ರ ನಯವಾಗಿಯೇ ಬರುತ್ತದೆ, ಅದೇ ಅಪಾಯ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿರುವ ಕರಡು ಪತ್ರಗಳನ್ನಾದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಇಲ್ಲವಾದರೆ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಹಾಗಾದರೆ ಬಳಸುವುದು ಹೇಗೆ? ಫೋಟೊ ಬಿಟ್ಟು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕಪ್ಪು-ಬಿಳುಪಿಗಿಂತ ಗ್ರೇಸ್ಕೇಲ್ ಇರಲಿ, ಪುಟ ನೆಟ್ಟಗಿರಲಿ. ಹಾಕುವ ಮುನ್ನ ಆಧಾರ್ ಸಂಖ್ಯೆ, ಫೋನ್ ನಂಬರ್, ಹೆಬ್ಬೆರಳ ಗುರುತು, ಭಾವಚಿತ್ರ ಮುಚ್ಚಿಬಿಡಿ. ಒಂದು ಸಲಕ್ಕೆ ಒಂದೇ ಪುಟ. ಸಾರಾಂಶವನ್ನಾಗಲಿ ಅನುವಾದವನ್ನಾಗಲಿ ಮೊದಲೇ ಕೇಳಬೇಡಿ. ಇದ್ದದ್ದನ್ನು ಇದ್ದಂತೆ, ಕನ್ನಡದಲ್ಲೇ, ಕಾಲಂವಾರು ಬರೆದುಕೊಡಲು ಹೇಳಿ, ತಿಳಿಯದ ಕಡೆ ‘ಓದಲಾಗಲಿಲ್ಲ’ ಎಂದು ಗುರುತು ಹಾಕಬೇಕೆಂಬ ಸೂಚನೆಯೊಂದಿಗೆ. ಹೊಸ ಚಾಟ್ ತೆರೆದು ಅದೇ ಪುಟವನ್ನು ಮತ್ತೊಮ್ಮೆ ಓದಿಸಿದರೆ ಎರಡು ಪ್ರತಿ ಎಲ್ಲಿ ಭಿನ್ನವಾಗುತ್ತವೋ ಅಲ್ಲಿ ಮೂಲ ನೋಡಬೇಕೆಂದು ಗೊತ್ತಾಗುತ್ತದೆ. ಎರಡೂ ಒಂದೇ ಎಂದ ಮಾತ್ರಕ್ಕೆ ಸರಿ ಎಂದೇನಲ್ಲ. ಅಂಕಿಗಳನ್ನು ಬೇರೆ ಪಟ್ಟಿ ಮಾಡಿ ಗುಂಟೆಗೆ ಇಳಿಸಿ ನೀವೇ ಕೂಡಿ. ಹಿಸ್ಸಾಗಳ ಮೊತ್ತ ಆಕಾರ್‌ಬಂದ್‌ನ (ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯ) ಒಟ್ಟು ವಿಸ್ತೀರ್ಣಕ್ಕೆ ತಾಳೆಯಾಗಬೇಕು. ಚಕ್ಕುಬಂದಿಯ, ಅಂದರೆ ಜಮೀನಿನ ಎಲ್ಲೆಯ, ನಾಲ್ಕು ದಿಕ್ಕನ್ನೂ ನಕ್ಷೆಯೊಂದಿಗೆ ಹೋಲಿಸಿ. ಅನುವಾದ ಇದೆಲ್ಲ ಮುಗಿದ ಮೇಲಿನ ಮಾತು.

ಹೆಸರುಗಳಿಗೂ ಇದೇ ಎಚ್ಚರ ಬೇಕು. ಇಂಗ್ಲಿಷಿಗೆ ಹೋದ ‘ಕಾಳಪ್ಪ’ ಮರಳಿ ಬರುವಾಗ ‘ಕಲಪ್ಪ’, ‘ಕಾಲಪ್ಪ’ ಏನು ಬೇಕಾದರೂ ಆಗಬಹುದು. ಖಾತೆ, ಆಧಾರ್, ಕ್ರಯಪತ್ರ ಮೂರರಲ್ಲೂ ಹೆಸರು ತಾಳೆಯಾಗಬೇಕಾದ ಈ ದಿನಗಳಲ್ಲಿ ಕನ್ನಡದ ಹೆಸರನ್ನು ಕನ್ನಡದ ಮೂಲದಿಂದಲೇ ಬರೆಯಬೇಕು.

ಟೈಪ್ ಮಾಡುವ ಕೆಲಸ ಕಡಿಮೆಯಾಗುವುದು ಖಚಿತ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ದಾಖಲೆ ಓದಬಲ್ಲವರ ಅಗತ್ಯ ಹೆಚ್ಚಲಿದೆ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ರಾಜ್ಯದಲ್ಲಿ ನಡೆದಿದೆ. ಆ ಕೈಬರಹ ಬಲ್ಲ ಗ್ರಾಮ ಲೆಕ್ಕಿಗರು, ಶಿರಸ್ತೇದಾರರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರನ್ನು ತಕ್ಕ ಸಂಭಾವನೆ ಕೊಟ್ಟು ಕೂರಿಸಿಕೊಂಡು, ಕಂದಾಯ ಪದಗಳ ವಿವರಣೆಯನ್ನೂ ಖಾಸಗಿ ವಿವರ ಅಳಿಸಿದ ಮಾದರಿ ಪುಟಗಳ ಸರಿಯಾದ ಓದನ್ನೂ ಇಲಾಖೆ ಈಗಲೇ ಸಿದ್ಧಪಡಿಸಿ ಯೂನಿಕೋಡ್‌ನಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ಟೈಪಿಂಗ್ ಅಂಗಡಿಯ ಹುಡುಗ ಹುಡುಗಿಯರಿಗೆ ಅದರಿಂದಲೇ ತರಬೇತಿ ಕೊಡಬಹುದು.

ನ್ಯಾಯಾಂಗ ಇಲ್ಲಿ ದಾರಿ ತೋರಿದೆ. ತೀರ್ಪುಗಳ ಅನುವಾದಕ್ಕೆ ಸುಪ್ರೀಂ ಕೋರ್ಟ್ 2019ರಲ್ಲೇ ‘ಸುವಾಸ್’ ತಂತ್ರಾಂಶ ತಂದಿತು, ಕನ್ನಡವೂ ಅದರಲ್ಲಿದೆ. ಯಂತ್ರದ ಕರಡನ್ನು ಅನುವಾದಕರು ತಿದ್ದುತ್ತಾರೆ. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಹೊರಡಿಸಿದ ನೀತಿಯಲ್ಲಿ ತೀರ್ಮಾನ ಕೊಡಲು ಕೃತಕ ಬುದ್ಧಿಮತ್ತೆಯ ಸಾಧನ ಬಳಸುವಂತಿಲ್ಲ ಎಂದಿದೆ. ನಮ್ಮ ನೋಂದಣಿ ಮತ್ತು ಕಂದಾಯ ಇಲಾಖೆಗಳೂ ಬ್ಯಾಂಕುಗಳೂ ಭೂದಾಖಲೆಯ ಯಂತ್ರಾನುವಾದವನ್ನು, ಮೂಲದೊಂದಿಗೆ ತಾಳೆ ನೋಡಿದವರ ಹೆಸರು, ಸಹಿ ಇಲ್ಲದೆ ಸ್ವೀಕರಿಸಬಾರದು. ಮುಂದೆ ಇಂಥ ತಂತ್ರಾಂಶ ಕೊಳ್ಳುವ ಟೆಂಡರ್‌ಗಳಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಖರಾಬು, ಹೆಸರು ಈ ನಾಲ್ಕರ ತಪ್ಪುಗಳನ್ನು ಬೇರೆಬೇರೆಯಾಗಿ ಎಣಿಸಬೇಕು, ಪರೀಕ್ಷೆಗೆ ಮುದ್ರಿತ ಪುಟಗಳ ಜೊತೆ ಪ್ರತಿ ತಾಲ್ಲೂಕಿನ ಕೈಬರಹದ ಪುಟಗಳೂ ಇರಬೇಕು, ಫಲಿತಾಂಶ ಇಲಾಖೆಯ ಜಾಲತಾಣದಲ್ಲಿ ಪ್ರಕಟವಾಗಬೇಕು.

ಭೂದಾಖಲೆ ಪರಿಶೀಲನೆ ಮತ್ತು ಅನುವಾದ ವೃತ್ತಿಯ ಓದುಗರು
ಬೆಂಗಳೂರು