ದಂಡ ಕಟ್ಟಿದರೆ ಸಾಲದು, ಬಾಡಿಗೆ ವಾಪಸ್ ಬರಬೇಕು

ಮಾನ್ಯರೇ,

ಇಂಗ್ಲೆಂಡಿಗೆ ಓದಲು ಹೋದ ನನ್ನ ಮಗಳು ಮೊದಲ ವರ್ಷ ಬಾಡಿಗೆಗೆ ಇದ್ದ ಮನೆಯಲ್ಲಿ ಆರು ವಿದ್ಯಾರ್ಥಿಗಳಿಗೆ ಒಂದೇ ಬಚ್ಚಲು, ಒಂದೇ ಅಡುಗೆಮನೆ. ವಿಡಿಯೊ ಕರೆ ಮಾಡಿದಾಗಲೆಲ್ಲ ಅವಳ ಬೆನ್ನ ಹಿಂದಿನ ಗೋಡೆ ಇನ್ನಷ್ಟು ಕಪ್ಪಾಗಿ ಕಾಣುತ್ತಿತ್ತು. ನೆರಳಿರಬೇಕು ಎಂದುಕೊಂಡಿದ್ದೆ, ಅದು ಬೂಷ್ಟು. ಮಂಚವನ್ನು ಗೋಡೆಯಿಂದ ಎರಡು ಅಡಿ ಈಚೆಗೆ ಎಳೆದುಕೊಂಡು ಮಲಗುತ್ತಿದ್ದಳು, ಕೆಮ್ಮು ಮಾತ್ರ ಬಿಡಲಿಲ್ಲ. ಮಾಲೀಕನಿಗೆ ಹೇಳಿದರೆ ‘ಕಿಟಕಿ ತೆರೆದಿಡಿ’ ಎಂದ. ಎರಡನೇ ಸಲ ಕೇಳಿದ್ದಕ್ಕೆ ‘ನಾಳೆಯೇ ಸಾಮಾನು ಹೊರಗೆ ಹಾಕುತ್ತೇನೆ’ ಎಂದು ಹೆದರಿಸಿದ. ಹಾಗೆ ಹೊರಹಾಕುವುದು 1977ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ ಎಂಬುದು ಆಗ ನಮಗೆ ಗೊತ್ತಿರಲಿಲ್ಲ.

ಬೇರೆ ಬೇರೆ ಕುಟುಂಬಗಳ ಐವರು ಅಥವಾ ಹೆಚ್ಚು ಮಂದಿ ಹೀಗೆ ಹಂಚಿಕೊಂಡಿರುವ ಮನೆಗೆ ಅಲ್ಲಿನ ಸ್ಥಳೀಯ ಆಡಳಿತದ ಪರವಾನಗಿ ಕಡ್ಡಾಯ. ಪರವಾನಗಿ ಪಡೆದ ಮನೆಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಮಗಳು ನೋಡಿದಳು. ಅವಳ ಮನೆಯ ವಿಳಾಸ ಅದರಲ್ಲಿ ಇರಲೇ ಇಲ್ಲ!

2016ರ ಕಾಯ್ದೆ ಇಂತಹ ಮಾಲೀಕರಿಗೆ 30,000 ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ಆದರೆ ದಂಡದ ಹಣ ಆಡಳಿತದ ಬೊಕ್ಕಸಕ್ಕೆ ಸೇರುತ್ತದೆ. ಆ ಗೋಡೆಯ ಪಕ್ಕದಲ್ಲಿ ಮಲಗಿದವರಿಗೆ ಅದರಿಂದ ಬಂದದ್ದೇನು? ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು ದಾರಿ. ಬಾಡಿಗೆದಾರರೇ ನ್ಯಾಯಮಂಡಳಿಗೆ ಅರ್ಜಿ ಹಾಕಿ, ಕಟ್ಟಿದ ಬಾಡಿಗೆಯಲ್ಲಿ 12 ತಿಂಗಳಷ್ಟನ್ನು ವಾಪಸ್ ಕೇಳಬಹುದಿತ್ತು. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಇದನ್ನು 24 ತಿಂಗಳಿಗೂ, ದಂಡದ ಮಿತಿಯನ್ನು 40,000 ಪೌಂಡ್‌ಗೂ ಏರಿಸಿದೆ. ದೂರು ಕೊಟ್ಟರೆ ಇರುವ ಸೂರೂ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದ ಮಕ್ಕಳಿಗೆ ಧೈರ್ಯ ಬಂದದ್ದೇ ಈ ಹಣದ ಭರವಸೆಯಿಂದ. ಬಾಡಿಗೆ ಕಾನೂನು ಎಲ್ಲೇ ಮಾಡಲಿ, ಈ ಒಂದು ಅಂಶ ಅದರಲ್ಲಿ ಇರಲೇಬೇಕು.

ಮಗಳಿಗೆ ಎಂಟು ತಿಂಗಳ ಬಾಡಿಗೆ ಮರಳಿ ಬಂತು. ವಕೀಲರನ್ನು ಇಟ್ಟುಕೊಂಡಿರಲಿಲ್ಲ, ಬ್ಯಾಂಕಿನ ಪಾವತಿ ವಿವರ ಮತ್ತು ತಾರೀಖಿದ್ದ ಫೋಟೊಗಳೇ ಸಾಕ್ಷಿಯಾದವು. ಅದೇ ಮನೆಯ ಇಬ್ಬರು ಹುಡುಗರು ಪ್ರತಿ ತಿಂಗಳೂ ನಗದು ಕೊಟ್ಟು ರಸೀದಿ ಪಡೆದಿರಲಿಲ್ಲ. ಅವರು ಕೊಟ್ಟದ್ದರಲ್ಲಿ ಬಹುಪಾಲು ಹೋದಂತೆಯೇ ಆಯಿತು. ಅವರ ಅಪ್ಪ ಅಮ್ಮಂದಿರೂ ನಮ್ಮ ಹಾಗೆಯೇ ಸಾಲ ಮಾಡಿ ಕಳುಹಿಸಿದವರು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಕ್ಕಳನ್ನು ಅಲ್ಲಿಗೆ ಕಳುಹಿಸುವವರು ದಯವಿಟ್ಟು ನಗದು ಕೊಡಲು ಬಿಡಬೇಡಿ. ಮುಂಗಡ ಠೇವಣಿಯನ್ನು ಮಾಲೀಕ 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಗೆ ಒಳಪಡಿಸಬೇಕು. ಅದರ ಪತ್ರ ಕೇಳಿ ಪಡೆಯಿರಿ. ಮಗಳ ಈಗಿನ ಮನೆಯ ವಿಳಾಸವನ್ನು ನಾನೇ ಕುಳಿತು ಆ ಪಟ್ಟಿಯಲ್ಲಿ ಹುಡುಕಿ, ಸಿಕ್ಕಿದ ಮೇಲೆಯೇ ಹಣ ಕಳುಹಿಸಿದೆ.

– ಒಬ್ಬ ತಾಯಿ, ನಿವೃತ್ತ ಶಿಕ್ಷಕಿ