ಪೈಲಟ್ ಅಲ್ಲದವನ ಕೃತಜ್ಞತೆ

ವಾಯುಪಡೆಯಿಂದ ನಿವೃತ್ತನಾಗಿ ಗದಗಕ್ಕೆ ಮರಳಿದ ನನ್ನನ್ನು ಓಣಿಯ ಹಿರಿಯರು, ಗೆಳೆಯರು, ಶಾಲೆಯ ಮಕ್ಕಳು ಸೇರಿ ರೈಲು ನಿಲ್ದಾಣದಿಂದ ಮೆರವಣಿಗೆಯಲ್ಲಿ ಕರೆತಂದಿರಿ. ಹಾರ, ಶಾಲು, ಬಾಜಾ ಬಜಂತ್ರಿ, ಆಮೇಲೆ ಬಿಸಿ ಮಿರ್ಚಿ ಭಜಿ. ಮಾತನಾಡಲು ನಿಂತವನು ಗಂಟಲು ಕಟ್ಟಿ ಎರಡು ಮಾತಿಗೇ ಕುಳಿತೆ. ಉಳಿದದ್ದನ್ನು ಬರೆಯುತ್ತಿದ್ದೇನೆ.

ಬ್ಯಾನರಿನಲ್ಲಿ ‘ನಮ್ಮೂರ ಪೈಲಟ್’ ಎಂದು ಬರೆಸಿದ್ದಿರಿ. ಪ್ರೀತಿ ದೊಡ್ಡದು, ಹುದ್ದೆ ಮಾತ್ರ ನನ್ನದಲ್ಲ. ನಾನು ದುಡಿದದ್ದು ಕಣ್ಗಾವಲು ವಿಮಾನದ ಹಿಂಭಾಗದಲ್ಲಿ, ರೇಡಾರ್ ಮತ್ತು ಸಂಪರ್ಕ ಉಪಕರಣಗಳು ಕೈಕೊಡದಂತೆ ಕಾಯುತ್ತ. ಹಾಗಾಗಿ ಆ ಶಾಲನ್ನು ಹಂಚಿಕೊಳ್ಳಬೇಕಾದವರು ಬಹಳ ಜನ. ಗುಟ್ಟಿನ ಸಂಗತಿಗಳನ್ನು ಬಿಟ್ಟು, ಎಲ್ಲರೂ ತಿಳಿಯಬಹುದಾದಷ್ಟನ್ನೇ ಹೇಳುತ್ತೇನೆ.

ಕಪ್ಪತಗುಡ್ಡ ಹತ್ತಿ ಸುತ್ತಲಿನ ಬಯಲು ನೋಡಿದವರಿಗೆ ಈ ವಿಮಾನ ಏಕೆ ಬೇಕೆಂದು ವಿವರಿಸಬೇಕಿಲ್ಲ. ನೆಲದ ರೇಡಾರಿಗೆ ಭೂಮಿಯ ಬಾಗೇ ಅಡ್ಡಿ. ನೂರು ಮೀಟರ್ ಎತ್ತರದಲ್ಲಿ ನುಗ್ಗಿ ಬರುವ ವಿಮಾನ ಸುಮಾರು 60 ಕಿಲೋಮೀಟರ್ ಹತ್ತಿರ ಬರುವವರೆಗೂ ಅದಕ್ಕೆ ಕಾಣದು. ರೇಡಾರನ್ನು 9 ಕಿಲೋಮೀಟರ್ ಮೇಲಕ್ಕೆ ಒಯ್ದರೆ ದಿಗಂತವೇ ಸುಮಾರು 390 ಕಿಲೋಮೀಟರ್ ಆಚೆಗೆ ಸರಿಯುತ್ತದೆ.

ಒಳಗೆ ಒಬ್ಬೊಬ್ಬರದು ಒಂದೊಂದು ಕೆಲಸ. ಪರದೆಯ ಚುಕ್ಕೆ ನಮ್ಮವರದೋ ಪರರದೋ ಎಂದು ಬೇರ್ಪಡಿಸಿ, ನಮ್ಮ ಯುದ್ಧವಿಮಾನಗಳಿಗೆ ದಿಕ್ಕು, ಎತ್ತರ, ದೂರ ಹೇಳುವವರು ಫೈಟರ್ ಕಂಟ್ರೋಲರುಗಳು. ಎದುರಿನವರ ರೇಡಾರ್ ಸಂಕೇತಗಳನ್ನು ಸದ್ದಿಲ್ಲದೆ ಆಲಿಸುವವರು ಬೇರೆ. ಎಲ್ಲವನ್ನೂ ಕೂಡಿಸಿ ತೀರ್ಮಾನಿಸುವವರು ಮಿಷನ್ ಕಮಾಂಡರ್. ಕಾಕ್‌ಪಿಟ್ಟಿನವರು ನಮ್ಮನ್ನು ಗೊತ್ತಾದ ಜಾಗದಲ್ಲಿ ಗೊತ್ತಾದ ಹೊತ್ತಿಗೆ ನಿಲ್ಲಿಸುತ್ತಿದ್ದರು. ಅಷ್ಟು ಕರಾರುವಾಕ್ಕಾಗಿ ಹಾರಿಸುವುದು ಸಣ್ಣ ಮಾತಲ್ಲ.

ನನ್ನ ಮೇಲೆ ಹೆಚ್ಚು ಋಣವಿರುವುದು ಹಾರಾಟದ ಯೋಜನೆ ಹಾಕುತ್ತಿದ್ದವರದು. ಶತ್ರುವಿನ ಕ್ಷಿಪಣಿಗೆ ಎಟುಕಬಾರದು, ರೇಡಾರಿನ ನೋಟವೂ ಮೊಟಕಾಗಬಾರದು; ಆ ಎರಡರ ನಡುವೆ ಉದ್ದನೆಯ ಸುತ್ತುದಾರಿ ಗುರುತಿಸಬೇಕು. ನೇತ್ರ ಎಂಬ ನಮ್ಮ ದೇಶದ ಕಣ್ಗಾವಲು ವಿಮಾನದ ರೇಡಾರ್ ಎಡಬಲಕ್ಕೆ 120 ಡಿಗ್ರಿಯಂತೆ ಒಟ್ಟು 240 ಡಿಗ್ರಿ ನೋಡುತ್ತದೆ, ಮೂಗಿನ ನೇರಕ್ಕೂ ಬಾಲದ ನೇರಕ್ಕೂ ಕುರುಡು. ಆದ್ದರಿಂದ ಸುತ್ತಿನ ಉದ್ದನೆಯ ಬದಿಗಳು ನೋಡಬೇಕಾದ ಪ್ರದೇಶಕ್ಕೆ ಪಕ್ಕೆ ಕೊಟ್ಟು ಸಾಗಬೇಕು, ತಿರುವಿನಲ್ಲಿ ಕಣ್ತಪ್ಪುವ ಕ್ಷಣಗಳಿಗೂ ಲೆಕ್ಕವಿರಬೇಕು. ಹತ್ತಿರ ಬರುವ ಇಲ್ಲವೇ ದೂರ ಸರಿಯುವ ವೇಗದಿಂದಲೇ ರೇಡಾರ್ ವಿಮಾನವನ್ನು ನೆಲದಿಂದ ಬೇರ್ಪಡಿಸುವುದು; ಹಾಗಾಗಿ ನಮಗೆ ಅಡ್ಡಲಾಗಿ ಹಾರುವ ವಿಮಾನ ಹತ್ತಿರವೂ ಬಾರದೆ ದೂರವೂ ಸರಿಯದೆ ನೆಲದ ಪ್ರತಿಫಲನದಲ್ಲಿ ಕರಗಿಹೋಗುವುದುಂಟು. ಅದಕ್ಕೂ ಉಪಾಯ ಬೇಕು. ಇಂಧನ ಎಷ್ಟು ಹೊತ್ತಿಗೆ, ಕಾವಲಿಗೆ ಯಾರು, ಬದಲಿ ವಿಮಾನ ಯಾವಾಗ, ಅಪಾಯ ಬಂದರೆ ಯಾವ ಕಡೆಗೆ ಹಿಂದೆ ಸರಿಯಬೇಕು? ಇಷ್ಟೂ ನೆಲದ ಮೇಲೆಯೇ ಬಗೆಹರಿದಿದ್ದರೆ ಮೇಲೆ ಹೋದ ಮೇಲೆ ವಾದಕ್ಕೆ ಆಸ್ಪದವಿಲ್ಲ. ಮರಳಿದ ಮೇಲಿನ ಪರಾಮರ್ಶೆಯಲ್ಲಿ ಕಿರಿಯನಾದ ನನ್ನ ಆಕ್ಷೇಪವನ್ನೂ ಬರೆದುಕೊಂಡ ಅಧಿಕಾರಿಗಳನ್ನು ಮರೆಯಲಾರೆ.

ನಾನು ಮುಖ ನೋಡದ ಕೆಲವರಿಗೂ ಕೈಮುಗಿಯಬೇಕು. 1999ರ ಜನವರಿ 11ರಂದು ಅರಕ್ಕೋಣಂ ಬಳಿ, ಬೆನ್ನ ಮೇಲೆ ರೇಡಾರ್ ಗುಮ್ಮಟ ಹೊತ್ತ ಪ್ರಯೋಗದ ಆವ್ರೊ ವಿಮಾನ ಬಿದ್ದು, ವಿಜ್ಞಾನಿಗಳು ಮತ್ತು ವಾಯುಪಡೆಯವರು ಸೇರಿ ಎಂಟು ಮಂದಿ ತೀರಿಕೊಂಡರು. ಆ ಯೋಜನೆ ಅಲ್ಲಿಗೇ ನಿಂತಿತು. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒಗೆ ಸೇರಿದ ಬೆಂಗಳೂರಿನ ಕ್ಯಾಬ್ಸ್ ಪ್ರಯೋಗಾಲಯ ರೂಪಿಸಿದ ನೇತ್ರ ವಾಯುಪಡೆಯ ಕೈಸೇರಿದ್ದು 2017ರಲ್ಲಿ.

ಬೆಳಗಾವಿ ಬಳಿಯ ಸಾಂಬ್ರಾದ ವಾಯುಪಡೆ ತರಬೇತಿ ಶಾಲೆಯ ಗುರುಗಳಿಗೆ ನಮಸ್ಕಾರ. ಎಲ್ಲಿದ್ದೀಯ ಎಂದು ಕೇಳಿದರೆ ‘ಡ್ಯೂಟಿಯಲ್ಲಿ’ ಎಂಬ ಒಂದೇ ಉತ್ತರವನ್ನು ವರ್ಷಗಟ್ಟಲೆ ಸಹಿಸಿಕೊಂಡ ಅವ್ವನಿಗೆ ಮತ್ತು ನನ್ನಾಕೆಗೆ ಏನು ಹೇಳಿದರೂ ಕಡಿಮೆ. ಅವ್ವನ ಕಾಯಿಲೆಯಲ್ಲಿ ಸರತಿಯ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಡಿದ ಓಣಿಯ ಹುಡುಗರಿಗೂ ಅಷ್ಟೇ.

ವಾಯುಪಡೆ ಸೇರುವುದು ಹೇಗೆ ಎಂದು ಮೆರವಣಿಗೆಯಲ್ಲೇ ಕೇಳಿದ ಹುಡುಗ ಹುಡುಗಿಯರು ಭಾನುವಾರ ಸಂಜೆ ಮನೆಗೆ ಬನ್ನಿ. ಗಣಿತ, ಭೌತಶಾಸ್ತ್ರದ ಪುಸ್ತಕ ತನ್ನಿ. ಚಹಾ ನಮ್ಮದು.